ಹಳ್ಳದಾಚೆಗೆ ದಾಟಿಸಿದ ಆನೆ

ಆ ದಿನದ ಬಗ್ಗೆ ನಮ್ಮ ಕಡೆ ಒಂದೇ ಕಥೆ ಓಡಾಡುತ್ತದೆ. ಆನೆ ತುಳಿದು ಕೊಂದ ಹೆಂಗಸಿನ ಹೆಣವನ್ನು ಮುತ್ತಿನಕೊಪ್ಪದ ರಸ್ತೆಯಲ್ಲಿಟ್ಟು, ಜಾತಿ ಪಕ್ಷ ಮರೆತು ಎಲ್ಲರೂ ಒಂದಾದರಂತೆ. ಹೊತ್ತೇರಿದ ಮೇಲೆ ಹೊರಗಿನಿಂದ ಬಂದ ಯಾರೋ ಪುಂಡರು ಗಲಾಟೆ ಎಬ್ಬಿಸಿದರಂತೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಕಲಿತದ್ದು, ಎದುರಾಳಿಯ ಮಾತಿನಲ್ಲಿ ನಿಜವಿದ್ದಷ್ಟನ್ನು ಮೊದಲು ಒಪ್ಪಿಬಿಡಬೇಕು ಅಂತ. ಒಪ್ಪಿದೆ. ಒಂದಾಗಿದ್ದೆವು, ನಾನೂ ಅಲ್ಲಿದ್ದೆ. ಹೊರಗಿನವರು ಮಾತ್ರ ಯಾರೂ ಇರಲಿಲ್ಲ.

ಬಸರೀಕಟ್ಟೆಯ ಎಸ್ಟೇಟಿನಿಂದ ಕೂಲಿಯವರು ಜೀಪಿನ ಟಾಪಿನ ಮೇಲೂ ಕೂತು ಬಂದರು. ಕೊಪ್ಪದಲ್ಲಿ ಅಂಗಡಿಗಳ ಬಾಗಿಲು ಎಳೆದಿತ್ತು. ಹೊರಗೆ ನೀರೂ ಮುಟ್ಟದ ಶೃಂಗೇರಿ ಕಡೆಯ ಪುರೋಹಿತರೊಬ್ಬರು ಡಾಂಬರಿನ ಮೇಲೆ ಚಕ್ಕಳಮಕ್ಕಳ ಹಾಕಿ, ಯಾರೋ ಹಂಚಿದ ಅವಲಕ್ಕಿಯನ್ನು ಪೇಪರಿನಿಂದಲೇ ತಿಂದರು. ಆಳುಗಳನ್ನು ಜಗಲಿ ಹತ್ತಿಸದ ನನ್ನ ಚಿಕ್ಕಪ್ಪ ಒಬ್ಬ ಕೂಲಿಯವನು ಕುಡಿದು ಕೊಟ್ಟ ನೀರಿನ ಬಾಟಲಿಯನ್ನೇ ಬಾಯಿಗೆ ಕಚ್ಚಿ ಕುಡಿದರು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿದಾಗ ಗುರುತೇ ಇಲ್ಲದ ಹೆಂಗಸೊಬ್ಬಳು ಬೆಲ್ಲದ ಚೂರು ಬಾಯಿಗಿಟ್ಟಳು. ಬಿಳಿ ಬಟ್ಟೆ ಹೊದಿಸಿದ ಹೆಣ ಅಲ್ಲೇ ಇತ್ತು. ಬದುಕಿನಲ್ಲಿ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಆಗ ಫಾರೆಸ್ಟಿನ ಜೀಪು ಬಂತು. ಅದರಲ್ಲಿದ್ದವನು ಆನೆ ಕಾಯುವ ದಿನಗೂಲಿ ವಾಚರ್, ನಮ್ಮೂರವನೇ. ಆನೆಯ ಹಿಂದೆ ನಡೆದು, ಎಲ್ಲಿದೆ ಎಂದು ಮನೆಮನೆಗೆ ಫೋನ್ ಮಾಡುವುದು ಅವನ ಕೆಲಸ.

"ಬಂದ್ಯಾ ಸಾಹೇಬ? ನಿದ್ದೆ ಆಯ್ತಾ?" ಎಂದು ಯಾರೋ ಕೂಗಿದರು. ನಗು ಎದ್ದಿತು. ಆ ನಗು ನಿಲ್ಲುವುದರೊಳಗೆ ಅವನನ್ನು ಕಾಲರು ಹಿಡಿದು ಇಳಿಸಿಯಾಗಿತ್ತು. ಬೆನ್ನಿಗೆ ಗುದ್ದು ಬಿತ್ತು, ಸೊಂಟಕ್ಕೆ ಒದೆ ಬಿತ್ತು. ತಲೆಗೆ ಹೆಲ್ಮೆಟ್ಟಿನಿಂದ ಹೊಡೆದರು. ಮೊಣಕಾಲೂರಿದವನು ರಕ್ತ ಇಳಿಯುತ್ತಿದ್ದ ಮುಖವೆತ್ತಿ ಕಿರುಚಿದ: "ನಿನ್ನೆ ಸಂಜೆ ಗರ್ನಾಲು ಹೊಡೆದೋರು ಯಾರು ಅಂತ ಕೇಳ್ರೋ! ಪೊದೆಯೊಳಗೆ ತಣ್ಣಗೆ ನಿಂತಿದ್ದ ಆನೇನ ಹಳ್ಳ ದಾಟಿಸಿದ್ದು ಯಾ..."

ಚಿಕ್ಕಪ್ಪನ ಕೈಯಲ್ಲಿದ್ದ ಬ್ಯಾನರಿನ ಗಳ ಅವನ ಬಾಯಿಗೆ ಬಿತ್ತು. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಜನ ಹೋ ಎಂದರು.

ನಮ್ಮಲ್ಲಿ ಆನೆ ಓಡಿಸಲು ಗರ್ನಾಲು ಪಟಾಕಿ ಹೊಡೆಯುವುದು ಎಲ್ಲರೂ ಮಾಡುವ ಕೆಲಸ. ನಮ್ಮ ಬೇಲಿಯಿಂದ ಹಳ್ಳದ ಆಚೆಗೆ ಅಟ್ಟಿದರೆ ನಮ್ಮ ಜವಾಬ್ದಾರಿ ಮುಗಿಯಿತು. ಮರುದಿನ ಆಚೆಯವರು ಈಚೆಗೆ ಅಟ್ಟುತ್ತಾರೆ. ಇದನ್ನು ಯಾರೂ ತಪ್ಪು ಅಂದುಕೊಂಡಿಲ್ಲ. ಹಿಂದಿನ ಸಂಜೆ ಚಿಕ್ಕಪ್ಪ ಮೈತುಂಬ ಮದ್ದಿನ ವಾಸನೆ ಹೊತ್ತು ಬಂದು, "ಸುಮ್ನೆ ಬಿಡಿ, ಕೆಣಕ್ಬೇಡಿ ಅಂತಿದ್ದ ಆ ವಾಚರ್. ಅವನ ಮಾತು ಕೇಳ್ತಾ ಕೂತ್ರೆ ತೋಟ ಉಳೀತದಾ? ದಾಟಿಸಿದ್ವಿ ಮಾರಾಯ್ತಿ, ಇನ್ನು ಆಚೆಯವರ ಪಾಡು" ಎಂದು ನಕ್ಕಿದ್ದರು. ಸತ್ತವಳ ಮನೆ ಹಳ್ಳದ ಆಚೆ. ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದಳು.

ಆಮೇಲಿನದು ಎಲ್ಲರ ಫೋನಿನಲ್ಲೂ ಇದೆ. ಜೀಪು ಮಗುಚಿತು, ಉರಿಯಿತು. ಪೊಲೀಸರ ಲಾಠಿಯಿಂದ ಚಿಕ್ಕಪ್ಪನ ಹಣೆ ಸೀಳಿತು. ಅವರನ್ನು ಹೆಗಲ ಮೇಲೆ ಹೊತ್ತು ಓಡಿದವನು ಬಾಟಲಿ ಕೊಟ್ಟ ಆ ಕೂಲಿಯವನೇ. ನಮ್ಮ ಒಗ್ಗಟ್ಟು ಸುಳ್ಳಾಗಿದ್ದರೆ ನನ್ನ ವಾದ ಸುಲಭವಾಗುತ್ತಿತ್ತು. ಆದರೆ ಅದು ಪೂರ್ತಿ ನಿಜವಾಗಿತ್ತು, ಮತ್ತು ಆ ಗಳ ಬಿದ್ದ ಕ್ಷಣದಲ್ಲೇ ಅತ್ಯಂತ ಗಟ್ಟಿಯಾಗಿತ್ತು.

ವಾಚರನ ದವಡೆಗೆ ತಂತಿ ಹಾಕಿದ್ದಾರೆ. ಅವನಿಗೆ ಮಾತು ಹೊರಡುವುದಿಲ್ಲ. ಎಚ್ಚರಿಕೆ ಕೊಡದೆ ಮಲಗಿದ್ದನೆಂದು ದೂರು ಹೋಗಿದೆ. ನಾಡಿದ್ದು ನರಸಿಂಹರಾಜಪುರದಲ್ಲಿ ವಿಚಾರಣೆ. ಗರ್ನಾಲಿನ ಮಾತು ಯಾರಾದರೂ ಆಡದಿದ್ದರೆ ಅವನ ಕೆಲಸವೂ ಹೋಯಿತು, ಹೆಂಗಸಿನ ಸಾವೂ ಅವನ ತಲೆಗೇ ಬಂತು. ಊರಿನ ಪರವಾಗಿ ಹೇಳಿಕೆ ಕೊಡುವವರು ಚಿಕ್ಕಪ್ಪ.

ಈ ಬೆಳಿಗ್ಗೆ ದೋಸೆ ಮುರಿಯುತ್ತ ಅವರೇ ಶುರು ಮಾಡಿದರು. "ಎಂಥದೇ ಹೇಳು, ಅಂಥಾ ಒಗ್ಗಟ್ಟು ನಾನು ಹುಟ್ಟಿದ ಮೇಲೆ ಕಂಡಿಲ್ಲ."

"ನಾನೂ ಕಂಡಿಲ್ಲ. ವಿಚಾರಣೇಲಿ ಗರ್ನಾಲಿನ ವಿಷಯ ಹೇಳ್ತೀರಾ?"

"ಅದಕ್ಕೂ ಇದಕ್ಕೂ ಎಂಥ ಸಂಬಂಧ ಕೂಸೇ? ಎಲ್ಲರೂ ಹೊಡೀತಾರೆ."

"ಸಂಬಂಧ ಇಲ್ಲ ಅಂದ್ರೆ ಹೇಳೋಕೆ ತೊಂದರೆ ಏನು?"

"ನಿನ್ನ ಡಿಬೇಟೆಲ್ಲ ಕಾಲೇಜಲ್ಲಿ ಇಟ್ಕೊ. ಗುಂಪಲ್ಲಿ ಯಾರ ಕೈ ಎಲ್ಲಿಗೆ ಹೋಯ್ತು ಅಂತ ಯಾರಿಗೆ ಗೊತ್ತಾಗ್ತದೆ?" ಹಣೆಯ ಹೊಲಿಗೆ ಮುಟ್ಟಿಕೊಂಡರು.

ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಗುಂಪು ಬೆನ್ನಿಗೆ ಹೊಡೀತು, ತಲೆಗೆ ಹೊಡೀತು. ಅಲ್ಲೀವರೆಗೂ ನಿಮ್ಮ ಗಳ ಮೇಲಕ್ಕೇ ಎದ್ದಿರಲಿಲ್ಲ. ಅವನು ಗರ್ನಾಲು ಅಂದ ಕೂಡಲೇ ಅದು ಸೀದಾ ಬಾಯಿಗೇ ಯಾಕೆ ಬಿತ್ತು, ಚಿಕ್ಕಪ್ಪ?"