ಜೂರಿಕ್‌ನಿಂದ ಜಿನೀವಾಕ್ಕೆ, ಕಸ ಗುಡಿಸದೆ

ಜೂರಿಕ್‌ನಿಂದ ಜಿನೀವಾಕ್ಕೆ ವಿಮಾನದಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ದೂರ ಇನ್ನೂರು ಚಿಲ್ಲರೆ ಕಿಲೋಮೀಟರು. ತಾಳವಾಡಿ ಬೆಟ್ಟದಲ್ಲಿ ಕೋಸು ಬೆಳೆಯುವ ನನಗೆ ಈ ಲೆಕ್ಕ ಯಾಕೆ ಬೇಕೆಂದರೆ, ಅಕ್ಕನ ಮಗಳು ಜೂರಿಕ್‌ನಲ್ಲಿ ನರ್ಸು ಆಗಿದ್ದಳು. ಕಳೆದ ವರ್ಷ ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಜಿನೀವಾಕ್ಕೆ ಹೊರಟಳು. ಯಾವ ವಿಮಾನ, ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ತಿಳಿಸಿದ್ದಳು.

ಊರಿಗೆ ಹೊರಟವರು ಊರು ಮುಟ್ಟುವ ತನಕ ಮನೆಯಲ್ಲಿ ಕಸ ಗುಡಿಸಬಾರದು. ಇದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ. ಆದರೆ ಬಸ್ಸು ತಿರುವಿನಲ್ಲಿ ಮರೆಯಾದರೆ ಸಾಕು, ಊರು ಮುಟ್ಟಿದ ಹಾಗೇ ಎಂದುಕೊಂಡು ಪೊರಕೆ ಹಿಡಿಯುವವರೇ ಹೆಚ್ಚು. ಅಕ್ಕ ಹಾಗಲ್ಲ. ಹಿಂದೊಂದು ಬೆಳಿಗ್ಗೆ ಭಾವ ಲಾರಿ ಹತ್ತಿ ಸತ್ಯಮಂಗಲಕ್ಕೆ ಹೊರಟ ಬೆನ್ನಿಗೇ ಅವಳು ಅಂಗಳ ಗುಡಿಸಿದ್ದಳು. ಆಸನೂರು ದಾಟಿ ದಿಂಬಂ ಘಾಟಿ ಇಳಿಯುವಾಗ ಬ್ರೇಕು ಹಿಡಿಯಲಿಲ್ಲ. ಭಾವ ವಾಪಸು ಬರಲಿಲ್ಲ. ಊರೆಲ್ಲ ಬ್ರೇಕನ್ನು ಬೈದರೆ ಅಕ್ಕ ಪೊರಕೆಯನ್ನು ಬೈದಳು.

ಮಗಳು ಹೊರಟ ದಿನ ಅಕ್ಕನ ಮನೆಯಲ್ಲಿ ಮುಸುಕಿನ ಜೋಳ ಸುಲಿದ ಸಿಪ್ಪೆ ನಡುಮನೆಯ ತನಕ ಹರಡಿತ್ತು. ಕೋಳಿಗಳಿಗೆ ಮಾತ್ರ ಹಬ್ಬ.

"ಅಕ್ಕ, ಇಲ್ಲಿಂದ ಬಸ್ಸು ಆಸನೂರು ಮುಟ್ಟೋ ಒತ್ಗೆ ಅವ್ಳು ಇಳ್ದಿರ್ತಾಳೆ" ಎಂದೆ.

"ನಿಮ್ ಬಾವ್ನೂ ಆಸನೂರ್ ಗಂಟ ಸುಖವಾಗೇ ಓಗಿದ್ರು ಕಣ್ಲಾ" ಎಂದಳು.

ಮಧ್ಯಾಹ್ನ ಫೋನಿನಲ್ಲಿ ವಿಮಾನದ ನಂಬರು ಹಾಕಿ ನೋಡಿ, ಇಳಿಯಿತು ಎಂದು ಹೇಳಿದೆ.

"ಪ್ಲೇನು ಇಳೀತು. ಅವ್ಳು ಇಳುದ್ಲಾ?"

ಅದನ್ನು ಫೋನು ಹೇಳಲಿಲ್ಲ. ಮಗಳ ನಂಬರು ಸ್ವಿಚ್ ಆಫ್ ಆಗಿತ್ತು. ಹೊತ್ತು ಇಳಿಯುತ್ತಾ ಬಂದರೂ ಸಿಪ್ಪೆ ಹಾಗೇ ಬಿದ್ದಿತ್ತು, ಅಕ್ಕ ಅದರ ನಡುವೆಯೇ ಕೂತಿದ್ದಳು. ಬೆಳಗಿನಿಂದ ಅವಳು ಒಂದು ತುತ್ತು ಉಂಡಿರಲಿಲ್ಲ. ನನಗೆ ಸಿಟ್ಟು ಬಂತು. ಈ ಮೂಢನಂಬಿಕೆಗೆ ಇವತ್ತೇ ಒಂದು ಗತಿ ಕಾಣಿಸುತ್ತೇನೆ ಎಂದು ನಾನೇ ಪೊರಕೆ ಹಿಡಿದು ಬಗ್ಗಿದೆ. ಬಗ್ಗಿದ್ದಷ್ಟೇ ಬಂತು, ಕೈ ಆಡಲಿಲ್ಲ. ನಿಜವಾಗಿ ಹೆದರಿಕೆಯಾಯಿತು. ಪೊರಕೆಯ ಕಟ್ಟು ಸಡಿಲಾಗಿದೆ ಎಂದು ಹೇಳಿ ಮೂಲೆಗಿಟ್ಟೆ.

ಸ್ವಲ್ಪ ಹೊತ್ತಿಗೆ ಮಗಳ ಫೋನು ಬಂತು.

"ಮಾವ, ಚಾರ್ಜು ಮುಗುದೋಗಿತ್ತು. ಮುಟ್ದೆ ಅಂತ ಅವ್ವಂಗೆ ಏಳ್ಬುಡಿ. ಪ್ಲೇನ್ಗೆ ಓಗ್ನಿಲ್ಲ, ರೈಲಲ್ಲೇ ಬಂದೆ. ಏರ್‌ಪೋರ್ಟಲ್ಲಿ ಕಾಯೋದೂ ಸೇರುದ್ರೆ ಎಲ್ಡೂ ಒಂದೇಯ."

ಫೋನು ಇಟ್ಟು ಅಕ್ಕನಿಗೆ ಎಲ್ಲ ಹೇಳಿದೆ. ನಮ್ಮ ಹುಡುಗಿ ಹತ್ತದ ವಿಮಾನವನ್ನು ನಾವಿಬ್ಬರೂ ಬೆಳಗಿನಿಂದ ಕಾದಿದ್ದೆವು.

"ಯಾರ್ದೋ ಪ್ಲೇನ್ಗೆ ಇಡೀ ದಿನ ಕಸದಲ್ಲಿ ಕೂತಿದ್ವಲ್ಲ ಅಕ್ಕ" ಎಂದೆ.

ಅವಳು ಆಗಲೇ ಸೆರಗು ಸಿಕ್ಕಿಸಿಕೊಂಡು ನಡುಮನೆಯಿಂದ ಗುಡಿಸಲು ಶುರು ಮಾಡಿದ್ದಳು.

"ಅದ್ರಲ್ಲಿ ಕೂತಿದ್ದೋರ್ಗೂ ಅವ್ವ ಇರ್ತಾಳೆ ಕಣ್ಲಾ" ಎಂದಳು. "ಎಲ್ರೂ ಸುಖವಾಗಿ ಇಳುದ್ರಲ್ಲ."