ಜಮಾದಾರರು ಕೇಳಿದ ಪಂಕ್ ರಾಕ್ ಕ್ಯಾಸೆಟ್

ಮಾನ್ಯರೇ, ಇದು ನನ್ನ ಮೊದಲ ಬರವಣಿಗೆಯಾದ ಕಾರಣ ಅಂಕುಡೊಂಕು ಅಕ್ಷರವನ್ನೂ ಕಾಗುಣಿತದ ದೋಷಗಳನ್ನೂ ಮನ್ನಿಸಬೇಕಾಗಿ ಅರಿಕೆ.

ಆಳಂದದ ನಮ್ಮ ಮನೆಯಲ್ಲಿ ಟೇಪ್‌ರೆಕಾರ್ಡರ್ ಅರಚುತ್ತಿದ್ದಾಗಲೇ ನೆರೆಮನೆಯ ಪೊಲೀಸ್ ಜಮಾದಾರರು ಬಾಗಿಲಲ್ಲಿ ಬಂದು ನಿಂತರು. ಸೊಲ್ಲಾಪುರದಲ್ಲಿ ಓದುವ ನನ್ನ ತಮ್ಮನು ವಿದೇಶಿ ತಂಡವೊಂದರ ಹೊಸ ಪಂಕ್ ರಾಕ್ ಕ್ಯಾಸೆಟ್ ತಂದಿದ್ದನು; ಹಾಡೆಂದರೆ ಬರೀ ಬೈಗುಳದ ಕೂಗಾಟ. ತಹಸೀಲ ಕಚೇರಿಯ ಗುಮಾಸ್ತನಾದ ನನಗೆ ನೌಕರಿಯೇ ಹೋದಂತೆನಿಸಿ, ಟೇಪು ನಿಲ್ಲಿಸುವುದನ್ನೂ ಬಿಟ್ಟು ಅವರ ಮುಂದೆ ಸ್ಟೂಲು ತಂದಿಟ್ಟೆನು.

“ಯಾರಿಗ್ರಿ ಇಷ್ಟು ಬೈಯಾಕತ್ತಾರ?” ಎಂದು ಜಮಾದಾರರು ವಿಚಾರಿಸಿದರು.

“ಅವರ ಸರ್ಕಾರಕ್ಕ್ರಿ ಕಾಕಾ,” ಎಂದು ತಮ್ಮನು ಸತ್ಯವನ್ನೇ ನಿವೇದಿಸಿಬಿಟ್ಟನು.

ಜೋಳ ಹಸನು ಮಾಡುತ್ತಿದ್ದ ನಮ್ಮ ಅಜ್ಜಿ ಮೊರ ಕೆಳಗಿಟ್ಟರು. “ಹೋಳಿ ಹಾಡೇನೋ ತಮ್ಮಾ? ನಮ್ಮ ತವರೂರು ಖಜೂರ್ಯಾಗೂ ಹೋಳಿ ದಿನ ಹಲಗಿ ಬಡಕೋತ ಗೌಡಗ ಬೈತಿದ್ರು. ಅವತ್ತು ಸಿಟ್ಟಾದ್ರ ಗೌಡನೇ ಸಣ್ಣಾವ. ಹೌದಿಲ್ರಿ ಜಮಾದಾರ್ರೇ?”

ಜಮಾದಾರರು ಟೋಪಿ ತೆಗೆದು ಸ್ಟೂಲಿನ ಮೇಲೆ ಕುಳಿತರು. “ಹೌದ್ರಿ ಆಯಿ. ಹೋದ ಹೋಳಿಗೆ ನನಗೂ ಬೈದಾರ. ಇವ್ರು ಬೈಯೋದು ಛಲೋ ಐತ್ರಿ, ಆದ್ರ ಹಲಗಿ ಬರೋಬರಿ ಇಲ್ಲ,” ಎನ್ನುತ್ತಾ ಟೋಪಿಯ ಮೇಲೆ ಬೆರಳಿನಿಂದ ತಾಳ ತಿದ್ದತೊಡಗಿದರು.

ಸದರಿ ಕ್ಯಾಸೆಟ್ ಈಗ ಜಮಾದಾರರ ಮನೆಯಲ್ಲಿದೆ. ಗೋಡೆಯಾಚೆಯಿಂದ ಸರ್ಕಾರಕ್ಕೆ ಬೈಗುಳ ಬರುವಾಗ ನಾನು ಕಿಟಕಿ ತೆರೆದಿಟ್ಟೇ ಕೇಳುತ್ತೇನೆ. ಈ ಬರಹದಲ್ಲಿ ತಪ್ಪು ಕಂಡುಬಂದಲ್ಲಿ ಓದುಗರು ತಿದ್ದಿಕೊಳ್ಳತಕ್ಕದ್ದು; ಬೈಯುವುದಿದ್ದಲ್ಲಿ ಹೋಳಿಯವರೆಗೆ ದಯಮಾಡಿ ತಡೆಯತಕ್ಕದ್ದು.