ಫೋಟೋಕ್ಕೆ ಕೊಟ್ಟ ಬೂಟು

ಬೇಲೂರಿನ ಪೇಟೆಬೀದಿಯನ್ನು ಕೆಂಪಲಕ್ಷ್ಮಮ್ಮ ಹದಿಮೂರು ವರ್ಷದಿಂದ ಗುತ್ತಿಗೆ ಕೆಲಸದಲ್ಲಿ ಗುಡಿಸುತ್ತಿದ್ದಳು. ಯಾರು ಎಂಥವರೆಂದು ಅವಳಿಗೆ ಅವರ ಕಸವೇ ಹೇಳುತ್ತಿತ್ತು. ಸಭೆಯಲ್ಲಿ ಸ್ವಚ್ಛತೆಯ ಮಾತಾಡುವ ಅಂಗಡಿಯವರೇ ಬಾಗಿಲು ಹಾಕುವಾಗ ಕಸವನ್ನೆಲ್ಲ ಮೋರಿಗೆ ನೂಕುತ್ತಿದ್ದರು. ಅಂಥವರು ಎದುರಾದರೆ ಅವಳು ಪೊರಕೆಯನ್ನು ನೆಲಕ್ಕೆ ಜೋರಾಗಿ ಕುಟ್ಟಿ ಮುಂದೆ ಹೋಗುತ್ತಿದ್ದಳು.

2002ರಲ್ಲಿ ಬೆಂಗಳೂರಿನ ಒಂದು ಸಂಸ್ಥೆ ಬಂದು, ಪೇಟೆಬೀದಿಯನ್ನು ಮಾದರಿ ಬೀದಿ ಮಾಡುತ್ತೇವೆಂದು ಅಲ್ಲೇ ಒಂದು ಆಫೀಸು ತೆರೆಯಿತು. ಅದರ ಮುಖ್ಯಸ್ಥ ರಾಜಶೇಖರ್ ಕಂಪ್ಯೂಟರಿನಲ್ಲಿ ನಕ್ಷೆ ತೋರಿಸುತ್ತಾ, ನಾಳಿನ ಪಟ್ಟಣ ಮನುಷ್ಯರದ್ದಾಗಬೇಕು, ಎಲ್ಲರೂ ಒಬ್ಬರಿಗೊಬ್ಬರು ಸಂಪರ್ಕದಲ್ಲಿರಬೇಕು ಎಂದು ಒಂದು ಗಂಟೆ ಮಾತಾಡಿದ. ಗುಡಿಸುವ ಹನ್ನೆರಡು ಹೆಂಗಸರು ಬಾಗಿಲಾಚೆ ನಿಂತು ಕೇಳಿದರು. ಒಳಗೆ ಕುರ್ಚಿಗಳು ಖಾಲಿ ಬಿದ್ದಿದ್ದರೂ ಕರೆದವರಿಲ್ಲ. ಕಸ ಎತ್ತದಿದ್ದರೆ ದೂರು ಹೇಳಲೆಂದು ಜನರಿಗೊಂದು ಫೋನ್ ನಂಬರ್ ಕೊಟ್ಟರು. ಗುಡಿಸುವವರು ಯಾರಿಗೆ ದೂರು ಹೇಳಬೇಕೆಂದು ಯಾರೂ ಹೇಳಲಿಲ್ಲ. ಈಯಪ್ಪ ಒಂದು ದಿನ ಹೋಟೆಲ್ ಹಿಂದಿನ ಮೋರಿಯ ಕೊಚ್ಚೆ ಎತ್ತಲಿ, ಆಮೇಲೆ ಮನುಷ್ಯರ ವಿಚಾರ ಹೇಳಲಿ ಎಂದಳು ಕೆಂಪಲಕ್ಷ್ಮಮ್ಮ, ಪಕ್ಕದಲ್ಲಿದ್ದ ರಂಗಮ್ಮನಿಗೆ.

ಹಸಿರು, ಕೆಂಪು ಡಬ್ಬಗಳು ಬಂದವು. ಎರಡರ ಕಸವೂ ಒಂದೇ ಗುಂಡಿಗೆ ಬೀಳುತ್ತಿತ್ತು. ಆಮೇಲೆ ಹನ್ನೆರಡು ಜೊತೆ ರಬ್ಬರ್ ಬೂಟು ಬಂದವು. ಎಲ್ಲರಿಗೂ ತೊಡಿಸಿ, ಸಾಲಾಗಿ ನಿಲ್ಲಿಸಿ, ನಗಿ ಎಂದು ಫೋಟೋ ತೆಗೆದರು. ಕೆಂಪಲಕ್ಷ್ಮಮ್ಮ ನಗಲಿಲ್ಲ. ಆದರೆ ಗಾಜು ಚುಚ್ಚಿ ಚುಚ್ಚಿ ಗಂಟುಕಟ್ಟಿದ್ದ ಅವಳ ಪಾದಕ್ಕೆ ಹಿತವೆನಿಸಿತು.

ಫೋಟೋ ಮುಗಿಯುತ್ತಲೇ ಅವರ ಹಾಜರಿ ಹಾಕುವ ಮೇಸ್ತ್ರಿ ಉಗ್ರಪ್ಪ ಗೋಣಿಚೀಲ ಹಿಡಿದು ಬಂದ. ನಾಳೆ ಅರಸೀಕೆರೆಯಲ್ಲೂ ಫೋಟೋ ತೆಗೆಯುವುದಿದೆ, ಬೂಟು ವಾಪಸ್ ಕೊಡಿ ಎಂದ. ಹೆಂಗಸರು ಕುಳಿತು ಬಿಚ್ಚತೊಡಗಿದರು. ಕೆಂಪಲಕ್ಷ್ಮಮ್ಮ ನಿಂತೇ ಇದ್ದಳು.

“ಬಿಚ್ಚಮ್ಮ, ಹೊತ್ತಾಯ್ತು,” ಎಂದ ಉಗ್ರಪ್ಪ.

“ಬೇಕಾದೋರು ಬಗ್ಗಿ ಬಿಚ್ಕೊಳ್ಳಿ,” ಎಂದು ಅವಳು ಒಂದು ಕಾಲು ಮುಂದಿಟ್ಟಳು.

ಅಂಗಡಿಯವರು ಜಗಲಿಗೆ ಬಂದು ನಿಂತರು. ಅವಳ ಕೇರಿಯವರ ನೆರಳು ಸೋಕಿದರೂ ಮುಖ ಸಿಂಡರಿಸುವ ಜನ. ಉಗ್ರಪ್ಪ, ಫೋಟೋ ತೆಗೆಸಿ ಅಲ್ಲೇ ನಿಂತಿದ್ದ ರಾಜಶೇಖರನ ಮುಖ ನೋಡಿದ. ಒಂದು ಗಂಟೆ ಮಾತಿನಲ್ಲೇ ಮನುಷ್ಯರ ಪಟ್ಟಣ ಕಟ್ಟಿದ್ದ ರಾಜಶೇಖರ್ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕೆಂಪಲಕ್ಷ್ಮಮ್ಮ ಆ ಕೈಗಳನ್ನು ಸಾವಕಾಶವಾಗಿ ನೋಡಿ, ಪೊರಕೆ ಎತ್ತಿಕೊಂಡು ಬೂಟು ಸಮೇತ ನಡೆದುಬಿಟ್ಟಳು. ಬಿಚ್ಚುತ್ತಿದ್ದ ರಂಗಮ್ಮನೂ ಮತ್ತೆ ಕಾಲು ತೂರಿಸಿಕೊಂಡಳು. ಉಳಿದ ಹತ್ತು ಜೊತೆ ಚೀಲ ಸೇರಿದವು.

ಉಗ್ರಪ್ಪ ಅವರಿಬ್ಬರಿಗೂ ಎರಡು ದಿನ ಗೈರುಹಾಜರಿ ಹಾಕಿದ. ಕೆಂಪಲಕ್ಷ್ಮಮ್ಮ ಕೇಳಲೂ ಹೋಗಲಿಲ್ಲ; ಅವನ ಹತ್ತಿರ ಮಾತಾಡುವುದೇ ದಂಡ ಎಂದುಕೊಂಡಳು.

ಆರು ತಿಂಗಳ ಮೇಲೆ ಸಂಸ್ಥೆಯ ಹೊಳೆಯುವ ಪುಸ್ತಕವೊಂದು ಅವಳಿಗೆ ಕಸದಲ್ಲಿ ಸಿಕ್ಕಿತು. ಹೈಸ್ಕೂಲಿಗೆ ಹೋಗುತ್ತಿದ್ದ ಮಗಳು ಮಂಜುಶ್ರೀ ಫೋಟೋದ ಕೆಳಗಿನ ಸಾಲು ಓದಿ ಹೇಳಿದಳು: ಎಲ್ಲ ಕಾರ್ಮಿಕರಿಗೂ ಸುರಕ್ಷಾ ಬೂಟು ಒದಗಿಸಲಾಗಿದೆ.

ಮಾರನೆಯ ದಿನ ಕೆಂಪಲಕ್ಷ್ಮಮ್ಮ ಉಳಿದ ಹನ್ನೊಂದು ಜನರನ್ನೂ ಕರೆದುಕೊಂಡು ಸಂಸ್ಥೆಯ ಆಫೀಸಿಗೆ ಹೋದಳು. ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೇ ನುಗ್ಗಿ, ಪುಸ್ತಕ ಬಿಡಿಸಿ ರಾಜಶೇಖರನ ಮುಂದಿಟ್ಟಳು.

“ಇದ್ರಲ್ಲಿ ಎಲ್ಲಾರ ಕಾಲಲ್ಲೂ ಬೂಟೈತೆ. ಇಲ್ಲಿ ಹತ್ತು ಜನ ಬರಿಗಾಲಲ್ಲಿ ನಿಂತವ್ರೆ. ಯಾವ್ದು ಸುಳ್ಳು ಅಂತ ನೀವೇ ಹೇಳಿ ಸ್ವಾಮಿ.”

ಅವನು ಟೀ ತರಿಸುತ್ತೇನೆಂದ. ಯಾರೂ ಬೇಕೆನ್ನಲಿಲ್ಲ, ಕದಲಲೂ ಇಲ್ಲ.

ಮೂರು ವಾರಕ್ಕೆ ಹತ್ತು ಜೊತೆ ಬಂದವು. ಇವರು ಕೈ ಮುಗಿದಾರೆಂದು ರಾಜಶೇಖರ್ ಕಾದು ನಿಂತಿದ್ದ. ಕೆಂಪಲಕ್ಷ್ಮಮ್ಮ ಒಂದೊಂದರ ಅಟ್ಟೆಯನ್ನೂ ತಿರುಗಿಸಿ ನೋಡಿದಳು. ಸೀಳು ಬಿಟ್ಟಿದ್ದ ಒಂದು ಜೊತೆಯನ್ನು ಅವನ ಮೇಜಿನ ಮೇಲಿಟ್ಟು, ಬದಲಿ ತರಿಸಿ ಎಂದಳು.